ಎಂಟನೆಯ ವಸ್ತು

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ೯.೨೦ಕ್ಕೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ವಸ್ತುಗಳ ಸಂಖ್ಯೆ ಏಳು. ಏಳೂ ಹಾರ್ಡ್ ಡಿಸ್ಕ್‌ಗಳು. ದೂರುದಾರ ಹಿಂದೆ ಪತ್ರಕರ್ತ. ಈಗ ಸ್ವತಂತ್ರ ಚಿತ್ರ ನಿರ್ಮಾಪಕ. ಹನ್ನೊಂದು ವರ್ಷದ ಹಿಂದೆ ಕಾರ್ಖಾನೆಯೊಂದರ ಬೆಂಕಿ ಅನಾಹುತವನ್ನು ವರದಿ ಮಾಡಿ ಹೆಸರು ಗಳಿಸಿದ್ದ. ಎರಡು ಚಿತ್ರಗಳಲ್ಲಿ ಕೈ ಸುಟ್ಟುಕೊಂಡ ಮೇಲೆ ಆ ಅನಾಹುತವನ್ನೇ ಮೂರನೆಯ ಚಿತ್ರವಾಗಿಸಿದ್ದ. ಮೊದಲ ಪ್ರದರ್ಶನಕ್ಕೆ ನಾಲ್ಕು ದಿನವಿತ್ತು. ಬೇರೆ ಪ್ರತಿ ಇರಲಿಲ್ಲ.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ೧೦.೪೦ಕ್ಕೆ ಸಂಕಲನ ಕೊಠಡಿಗೆ ಬಂದ. ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಎರಡು ಲಕ್ಷದ ಕ್ಯಾಮೆರಾ ಇದ್ದ ಹಾಗೆಯೇ ಇತ್ತು. ನೆಲ ಗುಡಿಸಿ ಒರೆಸಿತ್ತು.

"ಮರ್ಯಾದಸ್ಥ ಕಳ್ಳ ಸಾರ್," ಎಂದ ದಫೇದಾರ. "ಕದ್ದ ಮೇಲೆ ಕಸ ಗುಡಿಸಿ ಹೋಗಿದ್ದಾನೆ."

ಇನ್‌ಸ್ಪೆಕ್ಟರ್ ಗೋಡೆಯ ಕಡೆ ತಿರುಗಿದ. ಗೋಡೆಯ ಹಲಗೆಯಲ್ಲಿ ಅಂಗೈಯಗಲದ ಖಾಲಿ ಜಾಗ. ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಅದನ್ನೂ ಪಂಚನಾಮೆಯಲ್ಲಿ ತನ್ನ ಕೈಯಾರೆ ಬರೆದ.

"ಇಲ್ಲೇನಿತ್ತು?"

"ಹಳೇ ಫೋಟೋ. ಅದಕ್ಕೇನೂ ಬೆಲೆಯಿಲ್ಲ ಬಿಡಿ," ಎಂದ ನಿರ್ಮಾಪಕ.

"ಯಾರದು?"

"ಬೆಂಕೀಲಿ ಸತ್ತ ಹುಡುಗೀದು. ಪೇಪರಿಗೆ ಹಾಕೋಕೆ ಅಂತ ಅವಳ ತಾಯಿ ಹತ್ರ ಇಸ್ಕೊಂಡಿದ್ದೆ."

"ವಾಪಸ್?"

"ಕೊಡೋಣ ಅಂತಲೇ ಇದ್ದೆ."

ಹೊಳೆ ದಾಟಿದ ಮೇಲೆ ಅಂಬಿಗನ ನೆನಪೆಲ್ಲಿ ಎಂದು ದಫೇದಾರ ಗೋಡೆಯ ಕಡೆ ಮುಖ ಮಾಡಿ ಗೊಣಗಿದ.

ಬೀಗದ ಕೈ ಮೂರು: ನಿರ್ಮಾಪಕನದು, ಸಂಕಲನಕಾರನದು, ಕಸ ಗುಡಿಸುವವಳದು. ಸಂಕಲನಕಾರ ವಾರದಿಂದ ಊರಿನಲ್ಲಿರಲಿಲ್ಲ. ಕಸ ಗುಡಿಸುವವಳು ಕೆಲಸಕ್ಕೆ ಸೇರಿ ಎರಡು ತಿಂಗಳು. ಆಕೆಯ ಹೆಸರು ನಿರ್ಮಾಪಕನಿಗೆ ಗೊತ್ತಿರಲಿಲ್ಲ. ಮುಖವೂ ಸರಿಯಾಗಿ ನೆನಪಿಗೆ ಬರಲಿಲ್ಲ.

ವಿಳಾಸ ಕಟ್ಟಡದ ಕಾವಲುಗಾರನಿಂದ ಸಿಕ್ಕಿತು. ಮಧ್ಯಾಹ್ನ ೧.೧೫ಕ್ಕೆ ಆಕೆಯ ಒಂಟಿ ಕೋಣೆಯ ಬಾಗಿಲು ತೆರೆದೇ ಇತ್ತು. ಬಾಗಿಲ ಬಳಿ ಯಾರಿಗೋ ಇಟ್ಟಂತೆ ಒಂದು ಕುರ್ಚಿ. ಡಿಸ್ಕ್‌ಗಳು ಒಗೆದ ಸೀರೆಯಲ್ಲಿ ಸುತ್ತಿಕೊಂಡು ಮಂಚದ ಮೇಲಿದ್ದವು, ಫೋಟೋ ಗೋಡೆಯಲ್ಲಿತ್ತು. ಇನ್‌ಸ್ಪೆಕ್ಟರ್ ಅದನ್ನು ನೋಡುತ್ತಿದ್ದಾಗ, ನನ್ನ ಮಗಳು ಎಂದಳು ಆಕೆ.

"ಫೋಟೋ ನಿಮ್ಮದೇ ಸರಿ. ಡಿಸ್ಕ್ ಯಾಕಮ್ಮಾ ತಂದ್ರಿ?"

ಮಗಳದು ಬೇರೆ ಫೋಟೋ ಇರಲಿಲ್ಲ ಎಂದಳು. ಪತ್ರಿಕೆಯ ಕಚೇರಿಗೆ ಒಂಬತ್ತು ಸಲ ಹೋಗಿ, ಒಂಬತ್ತು ಸಲವೂ ನಾಳೆ ಬಾ ಎನ್ನಿಸಿಕೊಂಡಿದ್ದಳು. ಕಡೆಗೆ ಆತನಿರುವಲ್ಲೇ ಕೆಲಸಕ್ಕೆ ಸೇರಿ, ಕಳೆದ ವಾರ ಮತ್ತೆ ಕೇಳಿದ್ದಳು. ಆತ ಫೋನಿನಿಂದ ತಲೆಯೆತ್ತದೆ ಅದೇ ಮಾತು ಹೇಳಿದ್ದ.

"ಫೋಟೋ ಒಂದೇ ಹೋಗಿದ್ರೆ ಅವರಿಗೆ ಗೊತ್ತೇ ಆಗ್ತಿರ್ಲಿಲ್ಲ ಸಾರ್. ಹತ್ತು ಸಲ ನಾನು ಅವರ ಬಾಗಿಲಿಗೆ ಹೋದೆ. ಒಂದು ಸಲ ಅವರೂ ನನ್ನ ಬಾಗಿಲಿಗೆ ಬರ್ಲಿ ಅಂದ್ಕೊಂಡೆ. ನಿಮ್ಮನ್ನ ಕಳಿಸಿದ್ರು."

೧.೫೦ಕ್ಕೆ ಬಂಧನ. ಜಪ್ತಿ ಪಟ್ಟಿ ಬರೆಯುವಾಗ ದಫೇದಾರ ದನಿ ತಗ್ಗಿಸಿದ. "ದೂರಲ್ಲಿರೋದು ಏಳೇ ಸಾರ್. ಫೋಟೋ ಅದರಲ್ಲಿಲ್ಲ."

ಇನ್‌ಸ್ಪೆಕ್ಟರಿಗೂ ಲೆಕ್ಕ ಬರುತ್ತಿತ್ತು. ಆದರೆ ನಾಲ್ಕು ಪಿನ್ನುಗಳ ನಡುವಿನ ಖಾಲಿ ಜಾಗ ಬೆಳಗಿನ ಪಂಚನಾಮೆಯಲ್ಲಿ ಆತನದೇ ಕೈಬರಹದಲ್ಲಿ, ಇಬ್ಬರು ಪಂಚರ ಸಹಿಯೊಂದಿಗೆ ಕುಳಿತಿತ್ತು. ಎಂಟು ಎಂದು ಬರೆದು, ಫೋಟೋವನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದ.

"ಯಾವಾಗ ಕೊಡ್ತೀರಿ ಸಾರ್?" ಎಂದಳು ಆಕೆ.

ನಾಲಗೆಯ ತುದಿಗೆ ಬಂದ 'ನಾಳೆ'ಯನ್ನು ಇನ್‌ಸ್ಪೆಕ್ಟರ್ ನುಂಗಿಕೊಂಡ. ಹನ್ನೊಂದು ವರ್ಷದಲ್ಲಿ ಯಾರೂ ಕೊಡದ ರಸೀದಿಯೊಂದನ್ನು ಬರೆದು ಆಕೆಯ ಕೈಗಿಟ್ಟ. ಹಿಂತಿರುಗಿಸುವ ದಿನಾಂಕದ ಜಾಗ ಖಾಲಿ ಇತ್ತು.