ಇದ್ದಿಲ ಕುಂಡದ ಹೂ

ಎಲೆ ಇತ್ತು, ಕಾಂಡ ಇತ್ತು, ಇದ್ದಿಲು ತುಂಬಿದ ಕುಂಡವೂ ಕಂಬಿಗೆ ನೇತಾಡುತ್ತಿತ್ತು. ಹೂ ಮಾತ್ರ ಇರಲಿಲ್ಲ!

ತರಕಾರಿ ಚೀಲ ಹಿಡಿದುಕೊಂಡೇ ಕೋಮಲಾ ಬಾಲ್ಕನಿಯ ಬಾಗಿಲಲ್ಲಿ ನಿಂತುಬಿಟ್ಟಳು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೊರಟಾಗ ನೇರಳೆ ಬಣ್ಣದ ಇಡೀ ಗೊಂಚಲು ಅಲ್ಲಿತ್ತು. ಮುಟ್ಟಿದರೆ ಎಲ್ಲಿ ಮಾಸುತ್ತದೋ ಎಂದು ಅವಳೇ ಅದನ್ನು ಮುಟ್ಟಿರಲಿಲ್ಲ. ಈಗ ನೋಡಿದರೆ ಬೋಳು ತೊಟ್ಟು! ತೊಟ್ಟಿನ ತುದಿಗೆ ಬೆಳ್ಳಗೆ ಬೂಸ್ಟು ಬೇರೆ.

ಒಂದು ಹೂವಿಗೆ ಇಷ್ಟೊಂದು ಸಂಕಟವೇ ಎಂದು ಕೇಳುವವರು ಕೋಮಲಾಳ ಪಾಡು ಕಂಡಿಲ್ಲ, ಬಿಡಿ. ವೀರೇಶನನ್ನು ಮದುವೆಯಾಗಿ ರಾಣೆಬೆನ್ನೂರಿನಿಂದ ಚೆನ್ನೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತಮಿಳು ತಲೆಗೆ ಹತ್ತಿರಲಿಲ್ಲ. ಗಂಡ ಪೆರುಂಗುಡಿಯ ಆಫೀಸಿಗೆ ಹೊರಟನೆಂದರೆ, ಅಣ್ಣಾ ನಗರದ ಈ ಮೂರನೇ ಮಹಡಿಯಲ್ಲಿ ಅವಳ ಮಾತೆಲ್ಲ ಆರ್ಕಿಡ್ ಗಿಡದ ಜೊತೆಗೇ. ಮೊದಲು ತಂದ ಗಿಡಕ್ಕೆ ತುಳಸಿಗೆ ಹಾಕುವಂತೆ ಮಣ್ಣು ತುಂಬಿ, ತಂಬಿಗೆಗಟ್ಟಲೆ ನೀರು ಸುರಿದು ಕೊಳೆಸಿಬಿಟ್ಟಳು. ಈ ಜಾತಿಗೆ ಮಣ್ಣು ಬೇಡ, ಬೇರಿಗೆ ಗಾಳಿ ಬೇಕು ಎಂದು ತಿಳಿದದ್ದು ಆಮೇಲೆ. ಎರಡನೆಯದನ್ನು ಇದ್ದಿಲ ಚೂರಿನಲ್ಲಿ ನೆಟ್ಟು, ಮಗುವಿನಂತೆ ಸಾಕಿ ಹೂ ಕಂಡಿದ್ದಳು. ಈ ಊರಿನಲ್ಲಿ ಅವಳ ಕೈಗೆ ಹತ್ತಿದ ಮೊದಲ ಕೆಲಸ ಅದು.

ದಡದಡನೆ ಮೆಟ್ಟಿಲಿಳಿದಳು. ಕೆಳಗಿನ ಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಗಾಜಿನ ಲೋಟ. ಲೋಟದಲ್ಲಿ ಅವಳ ಹೂ!

ಅರ್ಧ ಗಂಟೆಯಲ್ಲಿ ಅವಳು ಎದುರು ಮನೆಯ ಸರಸಕ್ಕನ ಮುಂದೆ ಮೂಗು ಒರೆಸಿಕೊಳ್ಳುತ್ತಿದ್ದಳು. ಸರಸಕ್ಕನದು ಕುಂದಾಪುರದ ಕಡೆಯ ಮನೆತನ, ಇಲ್ಲಿ ಸಸ್ಯಾಹಾರಿ ಹೋಟೆಲು. ಅಡುಗೆಮನೆಯಲ್ಲಿ ಗೋಡಂಬಿ ಕಡಿಮೆಯಾದರೆ ಯಾರ ಬಾಯಿಗೆ ಹೋಯಿತೆಂದು ಮುಖ ನೋಡಿಯೇ ಹೇಳುವ ಹೆಂಗಸು.

"ಎಂತ ಮಾರಾಯ್ತಿ? ಅಳುವುದು ಆಮೇಲೆ. ಮೊದಲು ಹೇಳು."

"ನನ್ನ ಹೂವ ಕಳುವಾತ್ರೀ ಅಕ್ಕಾರ! ಕಳ್ಳಿ ಯಾರಂತನೂ ಗೊತ್ತಾತು. ಕೆಳಗಿನ ಗುಣವತಿ ಟೀಚರ್!"

"ರಿಟೈರಾದ ತಮಿಳು ಟೀಚರಾ? ಅವರು ಕದಿಯುವುದಾ?"

"ಮೊದಲಿಂದ್ಲೂ ಆಕಿ ಕಣ್ಣು ನನ್ನ ಗಿಡದ ಮ್ಯಾಲ. ಮ್ಯಾಲ ನೋಡಿದಾಗೊಮ್ಮೆ 'ಪೂ ಕೀಳೆ, ಕೀಳೆ' ಅಂತ ಕೂಗ್ತಾಳ. ಮನ್ಯಾಗೂ ಹೇಳೇನಿ, ಇವತ್ತಿಲ್ಲ ನಾಳೆ ಆಕಿ ಕೀಳಾಕೀನ ಅಂತ. ಈಗ ಹೋಗಿ ಹೂವ ತೋರಿಸಿ ಕೇಳಿದ್ರ ನಕ್ಕೋತ ನನ್ನ ಕೈ ಹಿಡದು ಏನಂದ್ಲು ಗೊತ್ತೇನ್ರಿ? 'ನಂದ್ರಿ, ನಂದ್ರಿ' ಅಂದ್ಲು! ನಂದಂತ! ನಾ ಬೆಳೆಸಿದ್ದು ಆಕೀದಂತ!"

"ಹ್ಞಾಂ?" ಸರಸಕ್ಕನ ಹುಬ್ಬು ಮೇಲೇರಿತು. "ಕನ್ನಡದಲ್ಲಿ ಹೇಳಿದರಾ?"

"ಮತ್ತ? ಸಿಟ್ಟಿಗೆ ಕನ್ನಡ ತಾನ ಬಂದಿರಬೇಕು. ಸಾಕ್ರೀ ಈ ಊರು! ಐತವಾರ ಅತ್ತಿ ಊರಿಗೆ ಹೊಂಟಾರ. ನಂದೂ ಟಿಕೆಟ್ ತೆಗೀರಿ ಅಂತ ಇವರಿಗೆ ಫೋನ್ ಮಾಡಿಬಿಟ್ಟೇನಿ. ತೆಗೆದಾರ. ಮತ್ತ ಬರಾಂಗಿಲ್ಲ."

ಸರಸಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನಡಿ, ಗಿಡ ನೋಡುವ."

ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ಅತ್ತೆ ಜಯಲಕ್ಷ್ಮಮ್ಮ ಗೋಡೆಗೊರಗಿ ಬತ್ತಿ ಹೊಸೆಯುತ್ತಿದ್ದರು. ಮಗನ ಮನೆಗೆ ಹದಿನೈದು ದಿನಕ್ಕೆಂದು ಬಂದವರು. ಸರಸಕ್ಕನನ್ನು ಕಂಡು "ಬರ್ರಿ" ಎಂದರು. ತಲೆ ಎತ್ತಲಿಲ್ಲ.

ಸರಸಕ್ಕ ಕಂಬಿಯಿಂದ ಬಗ್ಗಿ ಕೆಳಗೆ ನೋಡಿದಳು.

"ಎರಡನೇ ಮಹಡಿಯವರು ಮೂರನೇ ಮಹಡಿಯ ಹೂ ಕೊಯ್ಯುವುದು ಹೇಗೆ? ಹಾರಿಯಾ?"

"ದೋಟಿ ಐತ್ರೀ ಆಕಿ ಕಡೆ. ನುಗ್ಗಿಕಾಯಿ ಎಳೆಯೋ ದೋಟಿ. ನೋಡ್ರಿ, ಅಲ್ಲೇ ಮೂಲ್ಯಾಗ!"

"ಹೌದು, ಉಂಟು." ಸರಸಕ್ಕ ಎರಡೇ ಬೆರಳಿನಿಂದ ಗಿಡವನ್ನು ಮೆಲ್ಲಗೆ ಮೇಲೆತ್ತಿದಳು. ಇದ್ದಿಲ ಚೂರು ಗಲಗಲ ಎಂದವು. ಗಿಡ ಅರ್ಧ ಕೈಗೇ ಬಂತು.

"ಅಯ್ಯೋ, ಹಗುರಕ್ರೀ!"

"ನೋಡಿದೆಯಾ? ಮಣ್ಣಿನ ಹಿಡಿತವೇ ಇಲ್ಲ. ದೋಟಿ ಹಾಕಿ ಎಳೆದಿದ್ದರೆ ಹೂ ಬರುತ್ತಿರಲಿಲ್ಲ, ಇಡೀ ಗಿಡವೇ ರಸ್ತೆಗೆ ಬೀಳುತ್ತಿತ್ತು. ಒಂದು ಚೂರು ಇದ್ದಿಲೂ ಚೆಲ್ಲಿಲ್ಲ. ತೊಟ್ಟು ನೋಡು — ಉಗುರಿನಿಂದ ಚಿವುಟಿದ್ದು. ದಿನಾ ಪೂಜೆಗೆ ಹೂ ಬಿಡಿಸಿ ಅಭ್ಯಾಸವಿದ್ದ ಕೈ."

ಕೋಮಲಾಳ ಅಳು ನಿಂತಿತು. ಕೋಣೆಯೊಳಗೆ ಬತ್ತಿ ಹೊಸೆಯುವ ಕೈಯೂ ನಿಂತಿತು.

"ಈ ಬಿಳಿ ಎಂತದು?"

"ಬೂಸ್ಟು ಹತ್ತೇತ್ರೀ. ನೀರು ಹೆಚ್ಚಾದ್ರ ಹಂಗ ಆಗತೈತಿ ಅಂತ ಓದೇನಿ."

"ಬೆಳಿಗ್ಗೆ ಚಿವುಟಿದ ತೊಟ್ಟಿಗೆ ಮಧ್ಯಾಹ್ನದೊಳಗೆ ಬೂಸ್ಟಾ?" ಸರಸಕ್ಕ ಬೆರಳಿನಿಂದ ಒರೆಸಿ ಕೋಮಲಾಳ ಮೂಗಿನ ಹತ್ತಿರ ಹಿಡಿದಳು. "ಮೂಸು."

ಕೋಮಲಾ ಮೂಸಿದಳು. ಮನೆಯ ದೇವರ ಜಗುಲಿಯ ವಾಸನೆ.

"ವಿಭೂತಿ!"

"ವಿಭೂತಿಯೇ. ಈ ಬಾಲ್ಕನಿಗೆ ಈ ಕೋಣೆಯಿಂದಲೇ ದಾರಿ. ನೀನು ಮಾರ್ಕೆಟ್ಟಿನಲ್ಲಿ, ವೀರೇಶ ಆಫೀಸಿನಲ್ಲಿ. ಲಿಂಗಪೂಜೆ ಮುಗಿಸಿ, ಬೆರಳಲ್ಲಿ ವಿಭೂತಿ ಇಟ್ಟುಕೊಂಡು ಮನೆಯಲ್ಲಿದ್ದವರು ಒಬ್ಬರೇ." ಸರಸಕ್ಕ ದನಿ ತಗ್ಗಿಸಿ ಒಳಗೆ ತಿರುಗಿದಳು. "ಅಲ್ವಾ ಜಯಲಕ್ಷ್ಮಮ್ಮ?"

ಜಯಲಕ್ಷ್ಮಮ್ಮನ ಕಣ್ಣು ತುಂಬಿ ಬಂದಿತ್ತು.

"ಹೌದವ್ವಾ, ನಾನ. ಅರಿವಿ ಒಣಗಹಾಕಾಕ ಹೋಗಿದ್ದೆ. ಆಕಿ ಕೆಳಗಿಂದ 'ಪೂ ಕೀಳೆ' ಅಂದ್ಲು. ಕೀಳ್ರಿ ಅಂತಾಳ, ಪಾಪ, ಬೇಡಾಕತ್ತಾಳ ಅಂತ ತಿಳದು ಕಿತ್ತು ಒಯ್ದು ಕೊಟ್ಟೆ. ನನ್ನ ಮುಂದೂ ನಂದ್ರಿ ಅಂದ್ಲು. ಆತವ್ವಾ, ನಿಂದ, ಇಟ್ಕೋ ಅಂದೆ. ನೀ ಬಂದು ಮನಿ ತಲಿ ಮ್ಯಾಲ ಹೊತ್ತಿ ನೋಡು, ನನಗ ಬಾಯಿನ ಬರಲಿಲ್ಲ."

ಸರಸಕ್ಕನಿಗೆ ನಗು ತಡೆಯಲಾಗಲಿಲ್ಲ. ಕಂಬಿ ಹಿಡಿದುಕೊಂಡೇ ನಕ್ಕಳು.

"ಅಯ್ಯೋ ದೇವರೇ! 'ಪೂ' ಅಂತ ಅರ್ಧ ಕೇಳಿದ್ದು ನೀವಿಬ್ಬರೂ; ಅದು 'ಪೂಂದೊಟ್ಟಿ', ಅಂದರೆ ತಮಿಳಿನಲ್ಲಿ ಹೂಕುಂಡ. 'ಕೀಳೆ' ಅಂದರೆ ಕೆಳಗೆ! ಕುಂಡ ಕೆಳಗಿಡಿ ಅಂತ ಅವರು ಹೇಳುವುದು. ನೋಡಿಲ್ಲಿ, ನಿನ್ನ ಇದ್ದಿಲ ನೀರು ತೊಟ್ಟಿಕ್ಕಿ ಅವರ ಬಿಳಿ ಸೀರೆಯೆಲ್ಲ ಕಪ್ಪು ಚುಕ್ಕೆ."

ಕೋಮಲಾ ಬಗ್ಗಿ ನೋಡಿದಳು. ಹಗ್ಗದ ಮೇಲಿನ ಸೀರೆಗೆ ಸಾಲಾಗಿ ಮಸಿ ಬಿದ್ದಿತ್ತು. ಇಷ್ಟು ದಿನ ಅವಳಿಗೆ ಅದು ಕಂಡಿರಲೇ ಇಲ್ಲ.

"ಮತ್ತ... ನಂದ್ರಿ?"

"ಅಂಗಡಿಯವರೆಲ್ಲ ಥ್ಯಾಂಕ್ಸ್ ಅಂತಾರೆ, ಅದಕ್ಕೆ ನೀನು ಕೇಳಿಲ್ಲ. ಟೀಚರಮ್ಮನದು ಅಚ್ಚ ತಮಿಳು. ನಂದ್ರಿ ಅಂದರೆ ನಿಮ್ಮಿಂದ ಉಪಕಾರವಾಯ್ತು ಅಂತ ಅರ್ಥ ಮಾರಾಯ್ತಿ! ನೀನು ಕಳ್ಳಿ ಅಂತ ಬೈಯುವಾಗ ಅವರು ನಿನ್ನ ಕೈ ಹಿಡಿದು ಉಪಕಾರ ಹೇಳಿದ್ದಾರೆ."

ಕೋಮಲಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾಚಿಕೆಗಿಂತ ಸಿಟ್ಟೇ ಮೊದಲು ಬಾಯಿಗೆ ಬಂತು.

"ಅಲ್ರೀ ಅತ್ತಿ, ಕೊಡೂಮುಂದ ನನ್ನ ಒಂದು ಮಾತು ಕೇಳಬಾರದೇನ್ರಿ? ಎಷ್ಟು ತಿಂಗಳು ಕಾದೇನಿ!"

"ಕೇಳಬೇಕಾಗಿತ್ತು. ತಪ್ಪಾತು." ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂದಾಗಿಂದ ನೋಡಾಕತ್ತೇನಿ. ಇಡೀ ದಿನ ಗಿಡದ ಜೋಡಿ ಒಬ್ಬಾಕಿನ ಮಾತಾಡ್ತಿ. ನಾ ಹೋದ ಮ್ಯಾಲೆ ನಿನಗ ಯಾರದಾರ ಇಲ್ಲೆ? ಹೂ ಕೊಟ್ರ ಆಕಿ ನಾಳೆ ನಿನ್ನ ಬಾಗಿಲಿಗೆ ಬಂದಾಳು, ಮಾತಾಡಿಸ್ಯಾಳು ಅಂತ ಕೊಟ್ಟೆ. ಸೊಸಿ ಬೆಳಸ್ಯಾಳ ಅಂತ ಮ್ಯಾಲ ಕೈ ಮಾಡಿ ಹೇಳಿ ಬಂದೇನಿ."

ಕೋಮಲಾ ಅತ್ತೆಯ ಪಕ್ಕ ಕುಸಿದು ಕೂತಳು. ಆಮೇಲೆ ಅತ್ತಳು. ಇದು ಬೇರೆಯೇ ಅಳು, ಹಗುರವಾಗುವ ಅಳು.

ಸರಸಕ್ಕ ಕುಂಡವನ್ನು ಕಂಬಿಯಿಂದ ಬಿಚ್ಚಿ ನೆಲಕ್ಕಿಟ್ಟಳು.

"ಗಿಡಕ್ಕೆ ಏನೂ ಆಗಿಲ್ಲ. ಬುಡದಲ್ಲಿ ಹೊಸ ಚಿಗುರುಂಟು. ಅದು ಬಲಿತು ಹೂ ಬಿಡಲಿಕ್ಕೆ ಇನ್ನೂ ಏಳೆಂಟು ತಿಂಗಳು ಬೇಕು. ಊರಿಗೆ ಹೋಗುವವಳು ಯಾರ ಕೈಗೆ ಕೊಟ್ಟು ಹೋಗುತ್ತಿ?"

ಕೋಮಲಾ ಮೂಗು ಸೆಳೆದುಕೊಂಡು ಚಿಗುರನ್ನು ನೋಡಿದಳು. ಹಗ್ಗದ ಮೇಲಿನ ಸೀರೆಯನ್ನೂ ನೋಡಿದಳು. ಎದ್ದು ಫೋನು ತೆಗೆದುಕೊಂಡಳು.

"ಹಲೋ... ಹ್ಞೂಂರೀ, ನಾನ. ಐತವಾರದ್ದು ಅತ್ತೀದೊಂದ ಟಿಕೆಟ್ ಇರಲಿ, ನಂದು ಕ್ಯಾನ್ಸಲ್ ಮಾಡ್ರಿ." ಸ್ವಲ್ಪ ತಡೆದು, "ಮತ್ತ, ಬರೂಮುಂದ ಮಸಿ ಕಲೆ ಹೋಗೋ ಸಾಬೂನು ತರ್ರಿ. ಕೆಳಗಿನ ಟೀಚರ್ ಸೀರಿ ನಾ ಒಗದು ಕೊಡಬೇಕು," ಎಂದಳು.