ಬೆನ್ನಿಲ್ಲದ ಕುರ್ಚಿ

ಬೆಳಿಗ್ಗೆ ಐದೂಕಾಲಿಗೆ ಅವನ ಫೋನಿನ ಅಲಾರಂ ಬಡಿಯಿತು.

ಅದನ್ನು ಆರಿಸಬೇಕಿದ್ದವನು ತೀರಿಕೊಂಡು ಹದಿನಾಲ್ಕು ದಿನವಾಗಿತ್ತು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಮನೆಯಲ್ಲಿ ಉಳಿದದ್ದು ಅವಳು ಮತ್ತು ಅತ್ತೆ. ಮಲಗುವ ಮುಂಚೆ ಅವನ ಫೋನನ್ನು ಚಾರ್ಜಿಗೆ ಹಾಕಿದವಳು ಅವಳೇ. ಯಾಕೆ ಹಾಕಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಬಡಿದುಕೊಳ್ಳಲಿ, ಅಂದುಕೊಂಡಳು.

ಊರ ತುಂಬ ಲಿಫ್ಟ್ ರಿಪೇರಿ ಮಾಡುತ್ತಿದ್ದವನು ಅವನು. ಮೂವತ್ತಾರನೆಯ ವಯಸ್ಸಿಗೆ, ವಾಕಿಂಗ್ ಎಂದು ಹೋದವನು, ಅಂಚೆ ಕಚೇರಿ ಎದುರಿನ ಕಟ್ಟಡದ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದಿದ್ದ. ಆಸ್ಪತ್ರೆಯವರು ಹೇಳಿದ್ದು ಅಷ್ಟೇ. ಅವಳು ಇದುವರೆಗೆ ಅತ್ತಿರಲಿಲ್ಲ. ನೆಂಟರು ಅದನ್ನು ಗಮನಿಸಿದ್ದರು.

ಎಂಟು ಗಂಟೆಗೆ ಬಾಗಿಲ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಸಣಕಲು ಮೈಯ, ನೆಟ್ಟಗೆ ನಿಂತ ಮನುಷ್ಯ. ಅವನ ಕಣ್ಣು ಅವಳನ್ನು ದಾಟಿ, ಅತ್ತೆ ಕೂತು ಬೀನ್ಸ್ ಸೋಸುತ್ತಿದ್ದ ಕಬ್ಬಿಣದ ಮಡಚುವ ಕುರ್ಚಿಯ ಮೇಲೆ ಬಿತ್ತು.

"ಇದಕ್ಕೆ ಬೆನ್ನು ಯಾರು ಹಾಕಿಸಿದ್ರು?" ಎಂದುಬಿಟ್ಟ. ಮರುಕ್ಷಣ ತಾನೇ ನಾಚಿದ. "ಕ್ಷಮಿಸಿ. ನಾನು..."

"ನಾನೇ ಹಾಕಿಸಿದೆ," ಅಂದರು ಅತ್ತೆ. "ಒರಗಲು ಹೋಗಿ ಮೂರು ಜನ ಹಿಂದಕ್ಕೆ ಬಿದ್ರು. ಸಾವಿನ ಮನೇಲಿ ನಗೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ವೆಲ್ಡಿಂಗ್ ಅಂಗಡಿಗೆ ಕಳಿಸಿದೆ."

"ಅದು ಮುರಿದಿದ್ದಲ್ಲಮ್ಮ. ಬೇಕಂತಲೇ ಬೆನ್ನು ಕತ್ತರಿಸಿರೋದು. ಯೋಗಕ್ಕೆ. ನಿಮ್ಮ ಮಗ ನಮ್ಮ ತರಗತಿಯಿಂದ ತಗೊಂಡು ಬಂದಿದ್ರು. ನಿಮಗೆ ತೊಂದರೆ ಇಲ್ಲ ಅಂದ್ರೆ ಇವತ್ತೇ ವಾಪಸ್ ತಗೊಂಡು..."

"ಎಲ್ಲಿದೆ ನಿಮ್ಮ ತರಗತಿ?" ಅವಳು ಕೇಳಿದಳು.

ಅವನು ತಡೆದ. "ಅಂಚೆ ಕಚೇರಿ ಎದುರಿಗೆ. ಎರಡನೇ ಮಹಡಿ."

ಎರಡು ವಾರಗಳಿಂದ ತಣ್ಣಗೆ ಬಿದ್ದಿದ್ದ ಅವಳ ಮೈಯಲ್ಲಿ ಏನೋ ಹೊತ್ತಿಕೊಂಡಿತು.

"ಹಾಗಾದ್ರೆ ಆ ಮೆಟ್ಟಿಲು ನಿಮ್ಮದು."

"ಹೌದು."

"ಉಸಿರಾಡೋದು ಹೇಳಿಕೊಡ್ತೀರಾ ಅಲ್ಲಿ? ಚೆನ್ನಾಗಿ ಹೇಳಿಕೊಟ್ರಿ. ಯೋಗ ಮಾಡಿದ್ರೆ ಹೃದಯ ಗಟ್ಟಿಯಾಗುತ್ತೆ ಅಂತ ಅವನನ್ನ ಹತ್ತಿಸಿ ಹತ್ತಿಸಿ..."

ಅವನು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ.

"ನನ್ನ ಗಂಡನ್ನ ವಾಪಸ್ ಕೊಡಿ. ಆಮೇಲೆ ಕುರ್ಚಿ ಕೊಡ್ತೀನಿ."

"ಆಯ್ತು," ಅಂದ ಅವನು, ಮೆಲ್ಲಗೆ. "ಇಲ್ಲೇ ಇರಲಿ."

ಅವಳು ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ, ಬೀನ್ಸು ಚೆಲ್ಲಿಹೋಯಿತು.

*

ಅವಳ ಕೆಲಸ ಪ್ರಯೋಗಾಲಯದಲ್ಲಿ. ದಿನಕ್ಕೆ ಎಂಟು ಗಂಟೆ ಮೈಕ್ರೋಸ್ಕೋಪಿನ ಮೇಲೆ ಬಾಗಿ ಬೇರೆಯವರ ರಕ್ತ ನೋಡುವುದು. ವರ್ಷದಿಂದ ಎಡಭುಜ ಬಿಗಿದುಕೊಂಡಿತ್ತು. ಬಟ್ಟೆ ಒಣಹಾಕಲು ಕೈ ಮೇಲೇಳುತ್ತಿರಲಿಲ್ಲ. ಈಗ ಕುತ್ತಿಗೆಯೂ ಸೇರಿಕೊಂಡಿತು. ನಿದ್ದೆ ಎರಡು ಗಂಟೆ ಬಂದರೆ ಹೆಚ್ಚು.

ಜೊತೆಗೆ ಸಿಟ್ಟು. ಲಿಫ್ಟ್ ಕೆಟ್ಟರೆ ಸಿಟ್ಟು, ಲಿಫ್ಟ್ ಓಡಿದರೆ ಇನ್ನೂ ಸಿಟ್ಟು. ಸ್ಲೈಡ್ ತಡವಾಗಿ ತಂದ ಸಹೋದ್ಯೋಗಿಯನ್ನು ಎಲ್ಲರೆದುರು ಬೈದಳು. ಅದೇ ದಿನ ಒಂದು ಸ್ಲೈಡನ್ನು ತಪ್ಪು ಓದಿದಳು.

"ರಿಪೋರ್ಟ್ ಹೊರಗೆ ಹೋಗೋ ಮುಂಚೆ ನನ್ನ ಕಣ್ಣಿಗೆ ಬಿತ್ತು, ಪುಣ್ಯ," ಅಂದರು ಮೇಲಧಿಕಾರಿ. "ಒಂದು ವಾರ ಮನೇಲಿರಿ."

ಮನೆಯಲ್ಲಿ ಅವಳು ಪಾತ್ರೆ ಕುಕ್ಕಿದಳು. ಅತ್ತೆ ಮೂರು ದಿನ ಸಹಿಸಿಕೊಂಡರು.

"ನೋಡಮ್ಮ, ಸತ್ತವನು ನನ್ನ ಮಗನೂ ಹೌದು. ನಂಗೂ ಯಾರನ್ನಾದ್ರೂ ಬೈಬೇಕು ಅನಿಸುತ್ತೆ. ಆದ್ರೆ ಪಾತ್ರೆ ಏನು ಮಾಡಿತ್ತು? ಬೈಯೋದಿದ್ರೆ ಆ ಕುರ್ಚಿ ಮೇಷ್ಟ್ರ ಹತ್ರ ಹೋಗಿ ಹೊಟ್ಟೆ ತುಂಬ ಬೈದು ಬಾ."

ಅವಳು ಹೋದಳು.

ಮೆಟ್ಟಿಲು ಮೂವತ್ತೆರಡು. ಯಾವುದರ ಮೇಲೆ ಬಿದ್ದನೋ ಗೊತ್ತಿಲ್ಲದ್ದರಿಂದ ಒಂದೊಂದನ್ನೂ ಶಪಿಸುತ್ತ ಹತ್ತಿದಳು. ಮೇಲೆ ಉದ್ದನೆಯ ಕೋಣೆ, ಗೋಡೆಗೆ ಹಗ್ಗಗಳು, ಸಾಲಾಗಿ ಬೆನ್ನಿಲ್ಲದ ಕುರ್ಚಿಗಳು. ಹತ್ತಾರು ಜನ ಕೈ ಮೇಲೆತ್ತಿ ನಿಂತಿದ್ದರು.

"ಇವರಿಗೆಲ್ಲ ಹೇಳಿದೀರಾ, ನಿಮ್ಮ ಮೆಟ್ಟಿಲಲ್ಲಿ ಒಬ್ಬ ಸತ್ತ ಅಂತ?"

ಕೈಗಳೆಲ್ಲ ಗಾಳಿಯಲ್ಲೇ ನಿಂತವು.

"ಎಲ್ಲರಿಗೂ ಗೊತ್ತು," ಅಂದ ಅವನು. ಅವಳ ಬಳಿ ಬಂದ. "ಕೂಗಿ. ಬೇಡ ಅನ್ನಲ್ಲ. ಆದ್ರೆ ಮೊದಲು ಒಳಗಿರೋ ಉಸಿರು ಪೂರ್ತಿ ಹೊರಗೆ ಬಿಡಿ. ಅದು ಖಾಲಿಯಾದ್ಮೇಲೆ ಹೊಸದು ತಾನಾಗೇ ಬರುತ್ತೆ. ಆ ಹೊಸ ಉಸಿರಲ್ಲಿ ಕೂಗಿ."

ನನಗೇ ಪಾಠ ಹೇಳ್ತಾನೆ... ಸಿಟ್ಟಿನಲ್ಲೇ ಅವಳು ಉಸಿರು ಬಿಟ್ಟಳು. ಬಿಟ್ಟಳು, ಬಿಟ್ಟಳು, ಬಿಡುತ್ತಲೇ ಇದ್ದಳು. ಇಷ್ಟೊಂದು ಗಾಳಿಯನ್ನು ಎಷ್ಟು ದಿನದಿಂದ ಹಿಡಿದಿಟ್ಟುಕೊಂಡಿದ್ದಳೋ. ಹೊಸ ಉಸಿರು ಬಂತು. ಕೂಗಿ ಹೇಳಬೇಕಿದ್ದದ್ದು ನೆನಪಿಗೆ ಬರಲಿಲ್ಲ.

"ಇದು ಮೋಸ," ಅಂದಳು.

"ಶನಿವಾರ ಏಳಕ್ಕೆ ತರಗತಿ ಇದೆ," ಅಂದ. "ಬೈಯೋದು ಬಾಕಿ ಉಳಿದಿದ್ರೆ ಬನ್ನಿ."

*

ಬಾಕಿ ಬಹಳವಿತ್ತು. ಪ್ರತಿ ಶನಿವಾರ ಹೋದಳು.

"ಕೈ ಬರಲ್ಲ," ಅನ್ನುವಳು.

"ಬರೋವಷ್ಟೇ ಸಾಕು."

"ನನ್ನ ಗಂಡನಿಗೂ ಹೀಗೇ ಹೇಳಿದ್ರಾ?"

ಅದಕ್ಕೆ ಮಾತ್ರ ಅವನು ಉತ್ತರ ಕೊಡುತ್ತಿರಲಿಲ್ಲ. ಒಂದು ಸಲ ಅಷ್ಟೇ ಹೇಳಿದ, "ಯೋಗ ಸಾವನ್ನ ನಿಲ್ಲಿಸುತ್ತೆ ಅಂತ ನಾನು ಯಾರಿಗೂ ಹೇಳಿಲ್ಲ. ಬದುಕಿರೋರಿಗೆ ಕೂರೋಕೆ, ನಿಲ್ಲೋಕೆ ಸ್ವಲ್ಪ ಸಲೀಸಾಗುತ್ತೆ. ನನಗೆ ಗೊತ್ತಿರೋದು ಇಷ್ಟೇ."

ತಿಂಗಳುಗಳು ಕಳೆದವು. ಮೊದಲು ಬಂದದ್ದು ನಿದ್ದೆ. ಮೂರು ಗಂಟೆ, ನಾಲ್ಕು, ಕೊನೆಗೆ ಒಂದು ದಿನ ಅತ್ತೆಯೇ ತಟ್ಟಿ ಎಬ್ಬಿಸಬೇಕಾಯಿತು. ಆಮೇಲೆ ಕುತ್ತಿಗೆ ಹಗುರಾಯಿತು. ಪ್ರಯೋಗಾಲಯದಲ್ಲಿ ಸಹೋದ್ಯೋಗಿ ಮತ್ತೆ ತಡಮಾಡಿದಾಗ ಬೈಗುಳ ನಾಲಿಗೆಯ ತುದಿಗೆ ಬಂತು. ಆದರೆ ಬೈಗುಳಕ್ಕೂ ಬಾಯಿಗೂ ನಡುವೆ ಒಂದು ಉಸಿರಿನಷ್ಟು ಜಾಗ ಸಿಕ್ಕಿತು. ಆ ಜಾಗದಲ್ಲಿ ಅವಳು ಸಹೋದ್ಯೋಗಿಯ ಕಣ್ಣಡಿಯ ಕಪ್ಪನ್ನು ನೋಡಿದಳು. "ಮಗುಗೆ ಹುಷಾರಿಲ್ವಾ?" ಎಂದು ಕೇಳಿದಳು.

ಮೇಷ್ಟ್ರ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ. ಅದರ ರುಚಿ ಬದಲಾಗಿತ್ತು, ಅಷ್ಟೇ. ಒಂದು ಶನಿವಾರ ಜ್ವರವೆಂದು ಅವನು ಬರಲಿಲ್ಲ. ಅವಳಿಗೆ ಅದಕ್ಕೂ ಸಿಟ್ಟು ಬಂತು. ಮನೆಗೆ ಬರುವ ದಾರಿಯಲ್ಲಿ ಆ ಸಿಟ್ಟು ಯಾವ ಜಾತಿಯದು ಎಂದು ಹೊಳೆಯಿತು. ನಡುರಸ್ತೆಯಲ್ಲಿ ನಿಂತುಬಿಟ್ಟಳು.

ಗಂಡನನ್ನು ಕೊಂದವನು ಅಂತ ಯಾರನ್ನು ಬೈದೆನೋ, ಅವನಿಗಾಗಿ ಕಾಯುತ್ತಿದ್ದೇನಾ?

ಇಲ್ಲ. ಕುರ್ಚಿ ಅವನ ಮುಖಕ್ಕೆ ಎಸೆದು ಇವತ್ತೇ ಮುಗಿಸಬೇಕು.

ಮನೆಗೆ ಬಂದವಳೇ ಕುರ್ಚಿಯನ್ನು ಬೋರಲು ಹಾಕಿದಳು, ವೆಲ್ಡಿಂಗ್ ಎಲ್ಲಿ ಕತ್ತರಿಸಬೇಕೆಂದು ನೋಡಲು. ಆಸನದ ಅಡಿಯಲ್ಲಿ ಬಿಳಿ ಅಂಟುಪಟ್ಟಿ ಇತ್ತು.

ತರಗತಿಯ ಎಲ್ಲ ಕುರ್ಚಿಗಳಿಗೂ ಅಂಥ ಪಟ್ಟಿ ಇರುವುದನ್ನು ಅವಳು ನೋಡಿದ್ದಳು. ಯಾರ ಕುರ್ಚಿಯೋ ಅವರ ಎತ್ತರ, ಅವರ ನೋವು, ಕುರ್ಚಿ ಗೋಡೆಯಿಂದ ಎಷ್ಟು ದೂರ ಎಂದು ಅದರಲ್ಲಿ ಬರೆದಿರುತ್ತಿದ್ದರು. ಅದು ಅಲ್ಲಿನ ಪದ್ಧತಿ.

ಈ ಪಟ್ಟಿಯಲ್ಲಿದ್ದದ್ದು ಗಂಡನ ಅಕ್ಷರ. ಲಿಫ್ಟಿನ ನಕ್ಷೆಗೆ ಬರೆಯುವಂಥ ಗುಂಡುಗುಂಡಾದ ಅಕ್ಷರ.

'ಹೆಂಡತಿ. ಐದಡಿ ಒಂದಂಗುಲ. ಗೋಡೆಯಿಂದ ಎರಡಡಿ. ಎಡಗೈ ಕಿವಿಯವರೆಗೂ ಏಳಲ್ಲ. ಯೋಗ ಕಲಿ ಅಂದ್ರೆ ಜಗಳ. ನಾನೇ ಕಲಿತು ಮನೆಯಲ್ಲಿ ಹೇಳಿಕೊಡಬೇಕು. ನಗದೆ.'

ಸಾಯುವ ಒಂದು ತಿಂಗಳ ಮುಂಚೆ, ಅವಳು ಪಾತ್ರೆ ತೊಳೆಯುವಾಗ ಅವನು ಹಿಂದಿನಿಂದ ಟೇಪು ಹಿಡಿದು ಭುಜದ ಎತ್ತರ ಅಳೆದಿದ್ದ. "ನಾನೇನು ಲಿಫ್ಟ್ ಬಾಗಿಲಾ?" ಎಂದು ಅವಳು ರೇಗಿದ್ದಳು. "ಈ ಕುರ್ಚಿ ಮೇಲೆ ಐದೇ ನಿಮಿಷ ಕೂತ್ಕೋ" ಎಂದಾಗ, "ಮುರಿದ ಸಾಮಾನೆಲ್ಲ ನನಗೇ" ಎಂದಿದ್ದಳು.

ಅವಳು ಬೋರಲು ಬಿದ್ದ ಕುರ್ಚಿಯ ಪಕ್ಕದಲ್ಲಿ ಕೂತುಬಿಟ್ಟಳು.

*

"ಯಾಕೆ ಹೇಳಲಿಲ್ಲ?"

ಮರುದಿನ, ಭಾನುವಾರದ ತರಗತಿ ಮುಗಿದು ಎಲ್ಲರೂ ಇಳಿದುಹೋದ ಮೇಲೆ ಅವಳು ಕೇಳಿದಳು. ಜ್ವರ ಬಿಟ್ಟ ಮುಖದಲ್ಲಿ ಅವನು ಕಿಟಕಿಗೆ ಒರಗಿ ನಿಂತಿದ್ದ.

"ಓದಿದ್ರಾ." ಅವನು ಕಣ್ಣು ಮುಚ್ಚಿದ. "ಆ ಪಟ್ಟಿ ಕಿತ್ತುಹಾಕೋಕೇ ಆವತ್ತು ಬೆಳಿಗ್ಗೆ ಬಂದಿದ್ದೆ."

"ಅವನು ಇಲ್ಲಿ ಆಸನ ಮಾಡ್ತಾನೇ ಇರಲಿಲ್ವಾ?"

"ಒಂದು ದಿನವೂ ಇಲ್ಲ. ಕೂತು ನೋಡೋರು, ಬರ್ಕೊಳೋರು. ನೀವೂ ಮಾಡಿ ಅಂದ್ರೆ, ನನ್ನ ಮೈ ಸರಿಯಾಗಿದೆ, ರಿಪೇರಿ ಬೇಕಾಗಿರೋದು ಮನೇಲಿದೆ ಅನ್ನೋರು. ಅವರಿಗೆ ಎದೆಯ ತೊಂದರೆ ಇದ್ದದ್ದು ಅವರಿಗೂ ಗೊತ್ತಿರಲಿಲ್ಲ. ಯಾವ ಮೆಟ್ಟಿಲಾದ್ರೂ ಹೀಗೇ ಆಗ್ತಿತ್ತು ಅಂದ್ರು ಡಾಕ್ಟರು."

"ಒಂದು ವರ್ಷ ನನ್ನ ಹತ್ರ ಬೈಸಿಕೊಂಡ್ರಿ."

"ನಿಜ ಹೇಳಿದ್ರೆ ನಿಮ್ಮ ಸಿಟ್ಟು ನನ್ನ ಬಿಟ್ಟು ನಿಮ್ಮ ಮೇಲೇ ತಿರುಗ್ತಿತ್ತು. ನನಗೆ ತಡ್ಕೊಳ್ಳೋ ಶಕ್ತಿ ಇತ್ತು. ನಿಮಗಾಗ ಇರಲಿಲ್ಲ."

"ನನ್ನ ಶಕ್ತಿ ಎಷ್ಟು ಅಂತ ತೀರ್ಮಾನ ಮಾಡೋಕೆ ನೀವ್ಯಾರು?" ಅಂದಳು. "ಅವನು ಹೇಳದೆ ಕಲಿತ. ನೀವು ಹೇಳದೆ ಮುಚ್ಚಿಟ್ರಿ. ಇಬ್ಬರೂ ಸೇರಿ ನನ್ನ ಕಾಪಾಡಿಬಿಟ್ರಿ ಅಲ್ವಾ?"

ಅವಳು ಇಳಿದುಹೋದಳು.

ಆಮೇಲೆ ಶನಿವಾರಗಳು ಬಂದವು, ಹೋದವು. ಅವಳು ಹೋಗಲಿಲ್ಲ.

ವೆಲ್ಡಿಂಗ್ ಅಂಗಡಿಯವನು ಕುರ್ಚಿಯ ಬೆನ್ನು ಕತ್ತರಿಸಿಕೊಟ್ಟ. "ಹಾಕಿಸ್ತೀರಿ, ತೆಗೆಸ್ತೀರಿ. ಮನೇಲಿ ಎಲ್ಲ ಹುಷಾರಾಗಿದಾರಾ?" ಎಂದ. ಅವಳು ಆ ಕುರ್ಚಿಯನ್ನು ಗೋಡೆಯಿಂದ ಗಂಡ ಬರೆದಷ್ಟೇ ದೂರಕ್ಕೆ ಇಟ್ಟಳು. ಕಾಲುಗಳನ್ನು ಬೆನ್ನಿಲ್ಲದ ಚೌಕಟ್ಟಿನೊಳಗೆ ತೂರಿಸಿ, ಕಂಬಳಿ ಮಡಚಿ ಹಾಸಿ, ಹಿಂದಕ್ಕೆ ಬಾಗಿ ಮಲಗಿದಳು. ಎದೆ ತೆರೆಯಿತು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಪಕ್ಕೆಲುಬಿನ ಅಡಿಯಲ್ಲೆಲ್ಲೋ ಬಿಗಿದಿದ್ದದ್ದು ಸಡಿಲವಾಯಿತು. ತಲೆಕೆಳಗಾಗಿದ್ದರಿಂದ ಕಣ್ಣೀರು ಹಣೆಯ ಕಡೆಗೆ ಹರಿದು ಕೂದಲೊಳಗೆ ಇಳಿಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಎಬ್ಬಿಸಲಿಲ್ಲ. ತಾವೂ ಅಲ್ಲೇ ಕೂತು ಸೆರಗಿನಿಂದ ಕಣ್ಣೊತ್ತಿಕೊಂಡರು.

ಎಷ್ಟೋ ದಿನಗಳ ನಂತರ ಅವರೇ ಮಾತು ತೆಗೆದರು. "ಇನ್ನೊಬ್ಬರ ವಸ್ತು ಕಣೇ ಅದು. ನನ್ನ ಮಗ ಕೇಳಿ ತಂದಿದ್ದು ವಾಪಸ್ ಕೊಡದೆ ಇಟ್ಕೊಳ್ಳೋನಲ್ಲ. ಕೊಟ್ಟು ಬಾ."

"ಕೊಟ್ರೆ ಅಲ್ಲಿಗೆ ಮುಗೀತು ಅತ್ತೆ."

"ಮುಗಿಯೋದು ಮುಗೀಲಿ. ಶುರುವಾಗೋದಿದ್ರೆ ಶುರುವಾಗ್ಲಿ." ಅತ್ತೆ ಅವಳ ಮುಖ ನೋಡದೆ ಬಟ್ಟೆ ಮಡಚಿದರು. "ನಾನೇನು ಕುರುಡಿ ಅಲ್ಲ. ಅವನ ಜೊತೆ ಜಗಳ ಆಡಿ ಬಂದ ದಿನ ನೀನು ಎರಡು ತುತ್ತು ಜಾಸ್ತಿ ತಿಂತಿದ್ದೆ."

*

ಕುರ್ಚಿ ಹೊತ್ತು ಮೂವತ್ತೆರಡು ಮೆಟ್ಟಿಲು ಹತ್ತಿದಳು. ಈ ಸಲ ಯಾವುದನ್ನೂ ಶಪಿಸಲಿಲ್ಲ. ಪ್ರತಿ ಮೆಟ್ಟಿಲಿಗೂ ಒಂದು ಉಸಿರು.

ಅವನೊಬ್ಬನೇ ಕಂಬಳಿಗಳನ್ನು ಜೋಡಿಸುತ್ತಿದ್ದ. ಅವಳನ್ನು ನೋಡಿ ಕೈಯಲ್ಲಿದ್ದ ಕಂಬಳಿ ಹಾಗೇ ಉಳಿಯಿತು. ಅವಳು ಕುರ್ಚಿಯನ್ನು ಸಾಲಿನಲ್ಲಿದ್ದ ಒಂದೇ ಒಂದು ಖಾಲಿ ಜಾಗದಲ್ಲಿ ಇಟ್ಟಳು. ಆ ಜಾಗವನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ.

"ನನ್ನ ಗಂಡ ತಗೊಂಡು ಹೋಗಿದ್ದು," ಅಂದಳು. "ಪಟ್ಟಿ ಕಿತ್ತು ನಾನು ಇಟ್ಕೊಂಡಿದೀನಿ. ಅದು ನನ್ನದು. ಕುರ್ಚಿ ನಿಮ್ಮದು."

ಅವನು ತಲೆಯಾಡಿಸಿದ. "ಆವತ್ತಿನ ಮೇಲೆ ಒಂದು ಸಲವೂ ವಾಪಸ್ ಕೇಳಲಿಲ್ಲ ನಾನು. ಯಾಕೆ ಅಂತ ಗೊತ್ತಾ? ಕುರ್ಚಿ ಬಂದುಬಿಟ್ರೆ ನೀವು ಬರೋಕೆ ಕಾರಣ ಇರಲ್ಲ ಅಂತ."

"ಮತ್ತೆ ನನ್ನ ಕೇಳದೆ ನೀವೇ ತೀರ್ಮಾನ ಮಾಡಿದ್ರಿ."

"ತಪ್ಪಾಯ್ತು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಈಗ ಕೇಳ್ತೀನಿ. ಕಾರಣ ಇಲ್ಲದೆ ಬರ್ತೀರಾ?"

ಅವಳು ಉಸಿರು ಪೂರ್ತಿ ಹೊರಗೆ ಬಿಟ್ಟಳು. ಹೊಸದು ತಾನಾಗೇ ಬಂತು.

"ಬರ್ತೀನಿ. ಆದ್ರೆ ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಬಾರದು. ನನಗೆ ನೋವಾಗುತ್ತೆ ಅಂತ ಕೂಡ."

"ಆಯ್ತು. ಹಾಗಾದ್ರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ನೀವು ಬರದ ಶನಿವಾರಗಳಲ್ಲಿ ನನಗೆ ಉಸಿರೆಣಿಸೋದು ತಪ್ಪಿಹೋಗ್ತಿತ್ತು. ತರಗತಿಯವರು ನಗ್ತಿದ್ರು."

ಅವಳ ತುಟಿ ಸಡಿಲಾಯಿತು.

ಅವನು ಮೇಜಿನಿಂದ ಹೊಸ ಬಿಳಿ ಪಟ್ಟಿಯನ್ನೂ ಪೆನ್ನನ್ನೂ ತಂದ. "ಹೊಸ ಅಳತೆ ಬರೀಬೇಕು. ಎಡಗೈ ಎಲ್ಲಿವರೆಗೆ ಏಳುತ್ತೆ?"

ಅವಳು ಕೈ ಎತ್ತಿದಳು. ಅದು ಕಿವಿಯನ್ನು ದಾಟಿ ನೆಟ್ಟಗೆ ಮೇಲೆ ನಿಂತಿತು.

"ನೋವು?"

"ಸ್ವಲ್ಪ."

"ಸಿಟ್ಟು?"

"ಅದೂ ಇದೆ."

"ಇರಲಿ," ಅಂದ ಅವನು, ಬರೆದುಕೊಳ್ಳುತ್ತ.