ಹಳೇ ಸೈಕಲ್ಲಿನ ಹೊಸ ಗಾಯ

ಇಳಿಜಾರಿನ ತಿರುವಿನಲ್ಲಿ ಹಾಲಿನ ವ್ಯಾನಿನವನ ಕಣ್ಣಿಗೆ ಮೊದಲು ಬಿದ್ದದ್ದು ಸೈಕಲ್. ಅದಕ್ಕೆ ಹ್ಯಾಂಡಲ್ ಇರಲಿಲ್ಲ. ಇಪ್ಪತ್ತು ಹೆಜ್ಜೆ ಕೆಳಗೆ ಸವಾರ ಬಿದ್ದಿದ್ದ. ಹ್ಯಾಂಡಲ್ ಅವನ ಕೈಯಲ್ಲೇ ಇತ್ತು.

ಉಸಿರಿತ್ತು. ಕಾಲು ಮಾತ್ರ ಅಲುಗುತ್ತಿರಲಿಲ್ಲ.

ಮಧ್ಯಾಹ್ನಕ್ಕೆಲ್ಲ ಊರು ತೀರ್ಪು ಕೊಟ್ಟಾಗಿತ್ತು. ಹಳೇ ಕಾರ್ಬನ್ ನಾರಿನ ಸೈಕಲ್, ಒಳಗೇ ಬಿರುಕು, ಮಾರಿದವನು ಮುಚ್ಚಿಟ್ಟ. ಸವಾರನ ಅಕ್ಕ ಹಲ್ಲಿನ ಡಾಕ್ಟರು. ಆಸ್ಪತ್ರೆಯಿಂದ ನೇರ ಹಳೇ ಸೈಕಲ್ ಅಂಗಡಿಗೆ ನುಗ್ಗಿ ಅಂಗಡಿಯವನ ಕೊರಳಪಟ್ಟಿ ಹಿಡಿದಳು.

"ಡಾಕ್ಟ್ರೇ, ನಾಣ್ಯ ಹಿಡಿದು ಇಂಚಿಂಚೂ ತಟ್ಟಿ ತೋರಿಸಿದ್ನಲ್ಲ! ಬಿರುಕಿದ್ರೆ ಸದ್ದು ಮಂಕಾಗತ್ತೆ. ಟಣ್ ಅಂದಿದ್ದನ್ನ ನೀವೇ ಕೇಳಿದ್ರಿ!"

"ಬಾ, ಈಗ ನಿನ್ನ ತಲೆ ತಟ್ಟಿ ಸದ್ದು ಕೇಳ್ತೀನಿ."

ಅವಳ ದೂರಿನ ಮೇಲೆ ಸಂಜೆಯೊಳಗೆ ಅವನು ಲಾಕಪ್ಪಿನಲ್ಲಿದ್ದ.

* * *

ಮರುದಿನ ಇನ್ಸ್‌ಪೆಕ್ಟರ್ ಮುರಿದ ಭಾಗಗಳನ್ನು ಗುರುತಿಸಲೆಂದು ಅವಳ ಕ್ಲಿನಿಕ್ಕಿಗೇ ತಂದ. ಅವಳು ಅವನ್ನು ರೋಗಿಯ ಕುರ್ಚಿಯ ಮೇಲಿಟ್ಟು ದೀಪ ಹಾಕಿದಳು. ಮುಂಚಕ್ರದಿಂದ ಮೇಲೇರುವ ಕಾರ್ಬನ್ ಕೊಳವೆ, ಅದಕ್ಕೆ ಹ್ಯಾಂಡಲ್ಲನ್ನು ಬಿಗಿದು ಹಿಡಿಯುವ ಕ್ಲ್ಯಾಂಪಿನ ಒಳಗೇ ತುಂಡಾಗಿತ್ತು.

"ಬಿದ್ದು ಮುರಿದ ಹಲ್ಲು ನೋಡಿದ್ದೀರಾ ಸಾರ್?"

"ನನ್ನ ಬಾಯಲ್ಲೇ ಒಂದಿದೆ."

"ಅದರ ಅಂಚು ಒರಟು. ನಾನು ಕೊರೆದದ್ದು ನುಣುಪು. ಇಲ್ಲಿ ಅರ್ಧ ಪೊರಕೆ ಥರ ಸೀಳಿದೆ. ಇನ್ನರ್ಧ ಮುಟ್ಟಿ ನೋಡಿ."

"ನುಣ್ಣಗಿದೆ!"

"ಗರಗಸ. ಅದರ ಹಲ್ಲಿನ ಗುರುತು ನನಗೆ ಗೊತ್ತಾಗಲ್ವಾ? ಬಿಚ್ಚಿ, ಅರ್ಧ ಕೊಯ್ದು, ಮತ್ತೆ ಕ್ಲ್ಯಾಂಪ್ ಮುಚ್ಚಿದ್ದಾರೆ."

"ಮಾರಿದವನೇ ಇರಬೇಕು."

"ಮುರಿದ್ರೆ ಮೊದಲು ತನ್ನ ಕುತ್ತಿಗೆಗೇ ಬರತ್ತೆ ಅಂತ ಗೊತ್ತಿದ್ದೂ?"

ಅವಳು ಮತ್ತೆ ಬಗ್ಗಿದಳು. ಕ್ಲ್ಯಾಂಪಿನ ಬೋಲ್ಟಿನ ತಲೆಯ ಮೇಲಿಂದ ಪಕ್ಕಕ್ಕೆ ಕೂದಲೆಳೆಯಂಥ ಹಳದಿ ಗೆರೆ. ಸೈಕಲ್ ಕೊಂಡ ದಿನ ತೆಗೆದ ಫೋಟೋ ಫೋನಿನಲ್ಲಿತ್ತು. ದೊಡ್ಡದು ಮಾಡಿದಳು. ಅದರಲ್ಲಿ ಬೋಲ್ಟು ಬೋಳು.

ಕೊಂಡಮೇಲೆ ಯಾರೋ ಬಿಚ್ಚಿದ್ದಾರೆ.

ಹಳೇದೋ ಹೊಸದೋ ಎಂದು ತಮ್ಮ ಎರಡು ವಾರ ತೂಗಿದ್ದು ಅವಳಿಗೆ ನೆನಪಾಯಿತು. ಹಳೇ ಸೈಕಲ್ ಅಂಗಡಿಯ ಎದುರಿನ ಶೋರೂಮಿನಲ್ಲಿ ಹನ್ನೊಂದು ಹೊಸ ಸೈಕಲ್ ಹತ್ತಿ ಇಳಿದಿದ್ದ. ಯಜಮಾನ ಮಂಡಿಯೂರಿ ಅವನ ಕಾಲಿನ ಅಳತೆ ತೆಗೆದು ಚೀಟಿ ಬರೆದುಕೊಟ್ಟಿದ್ದ. ತಮ್ಮ ಆ ಚೀಟಿ ಹಿಡಿದು ಹಳೇ ಸೈಕಲ್ ಅಂಗಡಿಗೆ ಹೋಗಿದ್ದ. ಸಾಲದ್ದಕ್ಕೆ ಸವಾರರ ಕ್ಲಬ್ಬಿನಲ್ಲಿ ಯಜಮಾನನ ದನಿ ಅನುಕರಿಸಿ ಎಲ್ಲರನ್ನೂ ನಗಿಸಿದ್ದ.

"ತಮ್ಮ ಇನ್ನೂ ಮಾತಾಡೋ ಸ್ಥಿತೀಲಿಲ್ಲ. ಅವನ ಫೋನಿಗೆ ಕೊನೆಗೆ ಯಾರ್ಯಾರು ಮಾಡಿದ್ದಾರೆ, ಸಾರ್?"

ಇನ್ಸ್‌ಪೆಕ್ಟರ್ ಪಟ್ಟಿ ನೋಡಿದ. "ಬೀಳೋಕೆ ಎರಡು ದಿನ ಮುಂಚೆ, ಶೋರೂಮಿನಿಂದ. ನಾಲ್ಕು ನಿಮಿಷ."

* * *

"ಹೊಸದು ಅಂದ್ರೆ ಹೊಸದೇ, ಮೇಡಂ," ಯಜಮಾನ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅವತ್ತೇ ಬಡ್ಕೊಂಡೆ. ಹಳೇದು ಅಂದ್ರೆ ಇನ್ನೊಬ್ಬರ ಪಾಪ ಕಟ್ಟಿಕೊಂಡ ಹಾಗೆ."

ಥೇಟ್ ತಮ್ಮನ ಅನುಕರಣೆ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಆ ಸೈಕಲ್ ಇಲ್ಲಿಗೆ ಬಂದಿತ್ತಾ?" ಇನ್ಸ್‌ಪೆಕ್ಟರ್ ಕೇಳಿದ.

"ಛೆ! ಹಳೇ ಮಾಲಿಗೆ ನಾನು ಕೈ ಹಾಕಲ್ಲ. ಫೋನ್ ಮಾಡಿದ್ದು ಕುಶಲ ಕೇಳೋಕೆ."

ಅವಳು ಪಕ್ಕದ ಹೊಸ ಸೈಕಲ್ಲಿನ ಹ್ಯಾಂಡಲ್ ಅಲ್ಲಾಡಿಸಿದಳು. "ಹೊಸದೇ ಸಡಿಲ ಇದೆಯಲ್ರೀ!"

ಯಜಮಾನನಿಗೆ ಮೈಯೆಲ್ಲ ಉರಿಯಿತು. ಸ್ಪ್ಯಾನರ್ ತಂದು ಬೋಲ್ಟು ಬಿಗಿದ. ಬಿಗಿ ಸಾಕೆಂದು ಅದು ಕಟ್ ಎಂದಿತು. ಕೈ ತಾನಾಗಿ ಜೇಬಿಗೆ ಹೋಯಿತು, ಹಳದಿ ಪೆನ್ನು ಬಂತು, ಗೆರೆ ಬಿತ್ತು. ಅವನ ಕಣ್ಣು ಇನ್ನೂ ಅವಳ ಮುಖದ ಮೇಲೇ ಇತ್ತು.

"ಆ ಗೆರೆ ಯಾಕೆ?"

"ಬಿಗಿದಿದ್ದಕ್ಕೆ ಗುರುತು. ಸಡಿಲಾದ್ರೆ ಗೆರೆ ತಪ್ಪತ್ತೆ. ಇಪ್ಪತ್ತು ವರ್ಷದ ಅಭ್ಯಾಸ. ಈ ಊರಲ್ಲಿ ಇನ್ಯಾವನೂ ಹಾಕಲ್ಲ!"

ಇನ್ಸ್‌ಪೆಕ್ಟರ್ ಚೀಲದಿಂದ ಮುರಿದ ಕ್ಲ್ಯಾಂಪ್ ತೆಗೆದು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಫೋಟೋ.

ಯಜಮಾನ ಎರಡನ್ನೂ ನೋಡಿದ. ಹಳದಿ ಪೆನ್ನನ್ನು ಜೇಬಿಗೆ ತುರುಕಿದ.

"ಸೀಟು ಗೀಟು ಸರಿಮಾಡಿಕೊಡ್ತೀನಿ, ಕೋಪ ಇಲ್ಲ ಅಂತ ಫೋನ್ ಮಾಡಿ ಕರೆಸಿರ್ತೀರಿ," ಅವಳ ದನಿ ತಣ್ಣಗಿತ್ತು. "ಆಡ್ಕೊಂಡವರ ಹತ್ರಾನೇ ಹೋಗಿದ್ದಕ್ಕೆ ನಾನು ಬೈತೀನಿ ಅಂತ ಅವನು ಮನೇಲಿ ಹೇಳಲಿಲ್ಲ. ಅವನು ಬೀಳಬೇಕು, ಎದುರಿನವನು ಜೈಲಿಗೆ ಹೋಗಬೇಕು. ಒಂದೇ ಕಲ್ಲಿಗೆ ಎರಡು ಹಕ್ಕಿ. ಕೊಯ್ದಿದ್ದನ್ನ ಮುಚ್ಚಿದ್ರಿ. ಆದ್ರೆ ಕೈ ಚಾಳಿ ಬಿಡಲಿಲ್ಲ."

"ನನ್ನ ಮುಂದೆ ಕಾಲು ಚಾಚಿ ಅಳತೆ ಕೊಟ್ಟ, ಮೇಡಂ! ಆಮೇಲೆ ಊರ ಮುಂದೆ ನನ್ನನ್ನೇ ಆಡ್ಕೊಂಡ. ಕೈಯೋ ಮೂಗೋ ಮುರೀಲಿ ಅಂದ್ಕೊಂಡೆ, ಅಷ್ಟೇ."

"ನೀವು ಅಳತೆ ತೆಗೆದ ಆ ಕಾಲು ಈಗ ಸೂಜಿ ಚುಚ್ಚಿದ್ರೂ ಅಲುಗಲ್ಲ."

"ಕ್ಷಮಿಸಿಬಿಡಿ, ಡಾಕ್ಟ್ರೇ..."

"ಕೊಳೆತದ್ದನ್ನ ನಾನು ಕ್ಷಮಿಸಲ್ಲ. ಕೀಳ್ತೀನಿ. ಕೋರ್ಟಲ್ಲೂ ಮರಗಟ್ಟಿಸೋ ಇಂಜೆಕ್ಷನ್ ಕೊಡಲ್ಲ."

ಬೇಡಿ ಬಿತ್ತು. ಅವಳು ಬಾಗಿಲು ದಾಟಿ ಬಂದಳು. ಎದುರಿನ ಹಳೇ ಸೈಕಲ್ ಅಂಗಡಿಯ ಮುಚ್ಚಿದ ಬಾಗಿಲಿಗೆ ಯಾರೋ ಕೊಲೆಗಡುಕ ಎಂದು ಬಣ್ಣದಲ್ಲಿ ಗೀಚಿದ್ದರು. ಅವಳು ಆಟೋ ಹತ್ತಿದಳು.

"ಆಸ್ಪತ್ರೆಗಾ ಅಮ್ಮ?"

"ಮೊದಲು ಸ್ಟೇಷನ್ನಿಗೆ. ಒಬ್ಬರನ್ನ ಬಿಡಿಸಬೇಕು. ಕಾಲು ಹಿಡಿಯೋದೂ ಇದೆ."